ಸೆಕೆಂಡು 9.79, ಸಂಭ್ರಮ ಮೂರೇ ದಿನ

ಮೂವತ್ತು ವರ್ಷ ಬ್ಯಾಂಕಿನಲ್ಲಿ ಅಂಕಿಗಳ ಜೊತೆ ಸಂಸಾರ ಮಾಡಿದವನು ನಾನು. ಈಗೀಗ ಹೆಂಡತಿಯ ಮೊಬೈಲ್ ನಂಬರ್ ಕೂಡ ನೋಡದೆ ಹೇಳಲಾರೆ. ಆದರೆ ಒಂದು ಅಂಕಿ ಮಾತ್ರ ಮರೆತಿಲ್ಲ: 9.79.

1988ರ ಸೆಪ್ಟೆಂಬರ್ 24, ಶನಿವಾರ. ನನಗಾಗ ಹತ್ತೊಂಬತ್ತು. ಕುಂದಾಪುರದ ಹತ್ತಿರದ ಹಳ್ಳಿಯಿಂದ ಮುಂಬಯಿಗೆ ಬಂದು ಮೂರು ವರ್ಷ ಆಗಿತ್ತು. ಹಗಲು ಸೋದರಮಾವನ ಹೋಟೆಲಿನ ಗಲ್ಲಾದಲ್ಲಿ ಕೂರುವುದು, ಸಂಜೆ ಬಿ.ಕಾಂ. ಕ್ಲಾಸು. ಗಲ್ಲಾದ ಮೇಲಿನ ಹಲಗೆಯಲ್ಲಿ ಒಂದು ಟಿವಿ. ಅದರಲ್ಲಿ ಸೋಲ್ ಒಲಿಂಪಿಕ್ಸಿನ ನೂರು ಮೀಟರ್ ಫೈನಲ್. ದೋಸೆ ಹೊಯ್ಯುವವನೂ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದಿದ್ದ.

ಮೂರನೇ ಲೇನಿನಲ್ಲಿ ಅಮೆರಿಕದ ಕಾರ್ಲ್ ಲೂಯಿಸ್, ಆರನೇ ಲೇನಿನಲ್ಲಿ ಕೆನಡಾದ ಬೆನ್ ಜಾನ್ಸನ್. ಗುಂಡು ಹಾರಿತು. ಜಾನ್ಸನ್ ಓಡಿದ್ದಲ್ಲ ಮಾರಾಯ್ರೆ, ಬಂದೂಕಿನಿಂದ ಚಿಮ್ಮಿದ ಹಾಗೆ ಹೋದ. ಗೆರೆ ಮುಟ್ಟುವ ಮೊದಲೇ ಬಲಗೈ ಎತ್ತಿ ಬೆರಳು ತೋರಿಸಿದ. 9.79 ಸೆಕೆಂಡು. ಹಿಂದಿನ ವರ್ಷ ರೋಮಿನಲ್ಲಿ ತಾನೇ ಮಾಡಿದ್ದ 9.83ರ ದಾಖಲೆ ಮುರಿದುಬಿಟ್ಟಿದ್ದ. ಲೂಯಿಸ್ 9.92. "ಎಂತ ಓಟ ಮಾರಾಯ!" ಎಂದು ಮಾವ ಆವತ್ತು ಹುಡುಗರಿಗೆಲ್ಲ ಒಂದೊಂದು ಕಟಿಂಗ್ ಚಹಾ ಹೆಚ್ಚಿಗೆ ಕೊಡಿಸಿದರು.

ಮರುದಿನದಿಂದ ಪೇಪರಿನಲ್ಲಿ ಅವನ ಕಥೆ ಓದಿ ಇನ್ನೂ ಹತ್ತಿರದವನಾದ. ಜಮೈಕಾದ ಫಾಲ್ಮತ್ ಎಂಬ ಸಣ್ಣ ಊರಿನವನು. 1976ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ತಾಯಿಯ ಜೊತೆ ಕೆನಡಾಕ್ಕೆ ಬಂದವನು. ಅಪ್ಪ ಊರಿನಲ್ಲೇ ಉಳಿದರು. ಮಾತನಾಡಲು ಹೊರಟರೆ ತೊದಲುತ್ತಿದ್ದ. ಹಿಂದಿಯಲ್ಲಿ ಎರಡು ವಾಕ್ಯ ಹೇಳಲು ತಡವರಿಸುತ್ತಿದ್ದ ನಮ್ಮಂಥ ಹೋಟೆಲ್ ಹುಡುಗರಿಗೆ ಇವನು ನಮ್ಮವನೇ ಅನ್ನಿಸದೆ ಇರುತ್ತದೆಯೇ? ಕೆನಡಾದ ಪ್ರಧಾನಿ ಬ್ರಯನ್ ಮಲ್ರೋನಿ ಖುದ್ದಾಗಿ ಫೋನ್ ಮಾಡಿ ಅಭಿನಂದಿಸಿದ್ದರು. ಹೊರಗಿನಿಂದ ಬಂದ ಹುಡುಗನಿಗೆ ಇನ್ನೇನು ಬೇಕು?

ಮೂರೇ ದಿನ. ಮಂಗಳವಾರ ಸುದ್ದಿ ಬಂತು. ಅವನ ಮೂತ್ರದಲ್ಲಿ ಸ್ಟಾನೊಜೊಲಾಲ್ ಎಂಬ ಸ್ಟೀರಾಯ್ಡ್ ಸಿಕ್ಕಿತ್ತು. ಮಾದರಿಯನ್ನು ಎರಡು ಬಾಟಲಿಗಳಲ್ಲಿ ಇಡುತ್ತಾರೆ. ಮೊದಲನೆಯದರಲ್ಲಿ ಸಿಕ್ಕಿದರೆ ಎರಡನೆಯದನ್ನೂ ತೆರೆದು ನೋಡುತ್ತಾರೆ. ಎರಡರಲ್ಲೂ ಸಿಕ್ಕಿತು. ಪದಕ ಕಿತ್ತುಕೊಂಡು ಲೂಯಿಸ್‌ಗೆ ಕೊಟ್ಟರು. ಜಾನ್ಸನ್ ಅಂದೇ ಸೋಲ್ ಬಿಟ್ಟ. "ಕಳ್ಳ" ಎಂದು ಒಂದೇ ಶಬ್ದದಲ್ಲಿ ತೀರ್ಪು ಕೊಟ್ಟು ನಮ್ಮ ದೋಸೆಯವನು ಒಳಗೆ ಹೋದ.

ಕೆನಡಾದಲ್ಲೇ ಆಮೇಲೆ ಒಂದು ಮಾತು ಹುಟ್ಟಿತು: ಗೆದ್ದಾಗ ಅವನು ಕೆನಡಾದವ, ಸಿಕ್ಕಿಬಿದ್ದ ಮೇಲೆ ಜಮೈಕಾದವ. ಊರು ಬಿಟ್ಟು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕೆನಡಾ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿತು. ನ್ಯಾಯಮೂರ್ತಿ ಚಾರ್ಲ್ಸ್ ಡುಬಿನ್ ನೇತೃತ್ವದಲ್ಲಿ ವಿಚಾರಣೆ ನಡೆಸಿತು. 1989ರಲ್ಲಿ ಕೋಚ್ ಚಾರ್ಲಿ ಫ್ರಾನ್ಸಿಸ್ ಪ್ರಮಾಣ ಮಾಡಿ ಎಲ್ಲವನ್ನೂ ಹೇಳಿದರು: ಜಾನ್ಸನ್ 1981ರಿಂದಲೇ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದ. ಅದಕ್ಕೆ ಜೇಮೀ ಆಸ್ಟಫಾನ್ ಎಂಬ ಡಾಕ್ಟರೂ ಇದ್ದರು. ಜೂನ್‌ನಲ್ಲಿ ಜಾನ್ಸನ್ನೂ ಒಪ್ಪಿಕೊಂಡ. ರೋಮಿನ 9.83 ಕೂಡ ದಾಖಲೆ ಪುಸ್ತಕದಿಂದ ಹೋಯಿತು.

ಹಾಗಾದರೆ ಅಷ್ಟು ವರ್ಷ ಸಿಕ್ಕಿಬೀಳಲಿಲ್ಲ ಯಾಕೆ? ಸ್ಟೀರಾಯ್ಡ್ ಎಂದರೆ ಓಟದ ದಿನ ನುಂಗುವ ಗುಳಿಗೆ ಅಲ್ಲ. ತಿಂಗಳುಗಟ್ಟಲೆ ಕಠಿಣ ಅಭ್ಯಾಸ ಮಾಡಿದಾಗ ಸ್ನಾಯು ಬೇಗ ಚೇತರಿಸಿಕೊಂಡು ಬಲಿಯಲು ಅದು ಬೇಕು. ಸ್ಪರ್ಧೆಗೆ ಸಾಕಷ್ಟು ಮೊದಲೇ ನಿಲ್ಲಿಸಿದರೆ ಮೂತ್ರದಲ್ಲಿ ಗುರುತು ಇರುವುದಿಲ್ಲ, ಬಲ ಮಾತ್ರ ಉಳಿಯುತ್ತದೆ. ಪರೀಕ್ಷೆ ನಡೆಯುತ್ತಿದ್ದದ್ದು ಹೆಚ್ಚಾಗಿ ಸ್ಪರ್ಧೆಯ ದಿನವೇ! ಮುಂದಿನ ಸೋಮವಾರ ಇನ್ಸ್‌ಪೆಕ್ಷನ್ ಎಂದು ಮೊದಲೇ ತಿಳಿಸಿದರೆ ಯಾವ ಶಾಖೆಯಲ್ಲಿ ಕ್ಯಾಶ್ ಕಡಿಮೆ ಬರುತ್ತದೆ ಹೇಳಿ? 1990ರ ವರದಿಯಲ್ಲಿ ಡುಬಿನ್ ಹೇಳಿದ್ದು ಇದನ್ನೇ: ಹೇಳದೆ ಕೇಳದೆ, ಅಭ್ಯಾಸದ ಕಾಲದಲ್ಲೇ ಪರೀಕ್ಷೆ ಮಾಡಬೇಕು. 1999ರಲ್ಲಿ ವಾಡಾ ಎಂಬ ಜಾಗತಿಕ ಸಂಸ್ಥೆ ಹುಟ್ಟಿತು. ಈಗ ದೊಡ್ಡ ಓಟಗಾರರು ತಾವು ಯಾವ ದಿನ ಎಲ್ಲಿರುತ್ತೇವೆ ಎಂದು ಮೊದಲೇ ಬರೆದುಕೊಡಬೇಕು. ಬೆಳಗಿನ ಜಾವ ಬಂದು ಬಾಗಿಲು ತಟ್ಟಿದರೂ ತಟ್ಟಿದರೇ.

ಇಲ್ಲಿ ನನ್ನದೊಂದು ಮಾತು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನಿದ್ದ ಒಂದು ಶಾಖೆಯಲ್ಲಿ ಮಾರ್ಚ್ ಕೊನೆಗೆ ಡೆಪಾಸಿಟ್ ಉಬ್ಬಿಸಿ ತೋರಿಸುವುದು ನಡೆಯುತ್ತಿತ್ತು. ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ. ಒಂದು ವರ್ಷ ಆಡಿಟಿನಲ್ಲಿ ಸಿಕ್ಕಿತು. ಸಸ್ಪೆಂಡ್ ಆದದ್ದು ವೋಚರಿಗೆ ಸಹಿ ಹಾಕಿದ ಗುಮಾಸ್ತ ಒಬ್ಬನೇ. ಹಾಕಿಸಿದವರು ಪಿಂಚಣಿ ತೆಗೆದುಕೊಂಡು ಸುಖವಾಗಿದ್ದರು. ಆ ದಿನ ನಾನು ರಜೆಯಲ್ಲಿರದಿದ್ದರೆ ಅಲ್ಲಿ ನನ್ನ ಸಹಿ ಇರುತ್ತಿತ್ತು. ವಿಚಾರಣೆಯಲ್ಲಿ ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆ, ಹೆಚ್ಚಿಗೆ ಹೇಳಲಿಲ್ಲ. ಅವನೂ ತಪ್ಪು ಮಾಡಿದ್ದ, ಸರಿ. ಆದರೆ ತಪ್ಪು ಅವನೊಬ್ಬನದಾಗಿರಲಿಲ್ಲ.

ಆ ಎಂಟು ಜನರ ಮುಂದಿನ ಚರಿತ್ರೆ ನೋಡಿ. ಬೆಳ್ಳಿ ಪಡೆದ ಲಿನ್‌ಫರ್ಡ್ ಕ್ರಿಸ್ಟಿ 1999ರಲ್ಲಿ ನ್ಯಾಂಡ್ರೊಲೋನ್‌ಗೆ ಸಿಕ್ಕಿಬಿದ್ದರು. ಡೆನಿಸ್ ಮಿಚೆಲ್ 1998ರಲ್ಲಿ ಟೆಸ್ಟೊಸ್ಟೆರೋನ್‌ಗೆ. ಡೆಸಾಯ್ ವಿಲಿಯಮ್ಸ್ ಹೆಸರು ಡುಬಿನ್ ವಿಚಾರಣೆಯಲ್ಲೇ ಬಂತು. ರೇ ಸ್ಟುವರ್ಟ್ ಕೋಚ್ ಆದ ಮೇಲೆ ಮದ್ದು ಸಾಗಿಸಿದ್ದಕ್ಕೆ 2010ರಲ್ಲಿ ಆಜೀವ ನಿಷೇಧಕ್ಕೊಳಗಾದರು. ಲೂಯಿಸ್ ಕೂಡ 1988ರ ಅಮೆರಿಕದ ಆಯ್ಕೆ ಸ್ಪರ್ಧೆಯಲ್ಲಿ ಉತ್ತೇಜಕಗಳಿಗೆ ಪಾಸಿಟಿವ್ ಬಂದಿದ್ದರು. ಗೊತ್ತಿಲ್ಲದೆ ಆದದ್ದು ಎಂದು ಅಲ್ಲಿಯ ಸಮಿತಿ ಕೈಬಿಟ್ಟಿತ್ತು. ಅದು ಲೋಕಕ್ಕೆ ತಿಳಿದದ್ದು 2003ರಲ್ಲಿ.

ಹಾಗೆಂದು ಜಾನ್ಸನ್ನನ್ನು ಸಂತ ಮಾಡಲು ನಾನು ಹೊರಟಿಲ್ಲ. ಶಿಕ್ಷೆ ಮುಗಿಸಿ 1991ರಲ್ಲಿ ಮತ್ತೆ ಓಡಿದ. 1993ರಲ್ಲಿ ಮತ್ತೆ ಸಿಕ್ಕಿಬಿದ್ದ, ಆಜೀವ ನಿಷೇಧವಾಯಿತು. ಆ ಎರಡನೇ ತಪ್ಪಿಗೆ ಬೇರೆಯವರನ್ನು ದೂರುವುದು ಕಷ್ಟ.

ನಮ್ಮ ಕಡೆಗೂ ಈ ನೋವು ಬಂದದ್ದುಂಟು. 2010ರಲ್ಲಿ ಕುಂದಾಪುರ ಕಡೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನ 400 ಮೀಟರ್ ಹರ್ಡಲ್ಸ್ ಮತ್ತು ರಿಲೇಯಲ್ಲಿ ಚಿನ್ನ ಗೆದ್ದಾಗ ಮುಂಬಯಿಯ ಊರಿನವರೆಲ್ಲ "ನಮ್ಮ ಹುಡುಗಿ" ಎಂದು ಫೋನ್ ಮಾಡಿದ್ದೇ ಮಾಡಿದ್ದು. 2011ರಲ್ಲಿ ಅವರ ಪರೀಕ್ಷೆ ಪಾಸಿಟಿವ್ ಬಂದಾಗ ಒಂದು ಫೋನೂ ಇಲ್ಲ. ನಾನೂ ಯಾರಿಗೂ ಮಾಡಲಿಲ್ಲ. ಆ ಪ್ರಕರಣ ಜಾನ್ಸನ್ನನದರಂತಲ್ಲ. ಕೋಚ್ ಕೊಟ್ಟ ಜಿನ್ಸೆಂಗ್ ತಿಂದದ್ದರಿಂದ ಹೀಗಾಯಿತು ಎಂದು ಓಟಗಾರ್ತಿಯರು ಹೇಳಿದರು. ಉಕ್ರೇನಿನ ಕೋಚ್ ಯೂರಿ ಒಗೊರೊಡ್ನಿಕ್ ಕೆಲಸ ಹೋಯಿತು. ಇಲ್ಲಿಯ ಸಮಿತಿ ಒಂದು ವರ್ಷ ನಿಷೇಧ ಹಾಕಿತು, ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷ ಮಾಡಿತು. ಅಶ್ವಿನಿ ಶಿಕ್ಷೆ ಮುಗಿಸಿ ಮತ್ತೆ ಟ್ರ್ಯಾಕಿಗೆ ಇಳಿದರು.

ಇಷ್ಟೆಲ್ಲ ಬರೆದ ಮೇಲೆ ಮೊನ್ನೆ ಆ ಓಟದ ವಿಡಿಯೋ ಇನ್ನೊಮ್ಮೆ ನೋಡಿದೆ. ಈ ಸಲ ಐದನೇ ಲೇನ್ ನೋಡಿದೆ. ಅಲ್ಲಿ ಅಮೆರಿಕದ ಕ್ಯಾಲ್ವಿನ್ ಸ್ಮಿತ್ ಓಡುತ್ತಿದ್ದಾರೆ, ಜಾನ್ಸನ್ನನ ಪಕ್ಕದಲ್ಲೇ. 9.99ರಲ್ಲಿ ನಾಲ್ಕನೆಯವರಾಗಿ ಬಂದರು. ಆಮೇಲೆ ಕಂಚು ಅವರ ಪಾಲಿಗೆ ಬಂತು. ಮುಂದಿನ ವರ್ಷಗಳಲ್ಲೂ ಮದ್ದಿನ ಕಲೆ ತಾಗದೆ ಉಳಿದವರು ಆ ಎಂಟರಲ್ಲಿ ಇಬ್ಬರೇ: ಸ್ಮಿತ್ ಮತ್ತು ಬ್ರೆಜಿಲ್‌ನ ರಾಬ್ಸನ್ ಡ ಸಿಲ್ವ. ಅವತ್ತು ಹೋಟೆಲಿನಲ್ಲಿ ನಾವು ಹದಿನೈದು ಜನ ಇದ್ದೆವು. ಅವರಿಬ್ಬರನ್ನು ಒಬ್ಬರೂ ನೋಡಿರಲಿಲ್ಲ.