ಸಾರಣೆಯಿಂದ ಗಾಜಿನವರೆಗೆ: ಅಡುಗೆ ಒಲೆಯ ಮೇಲ್ಮೈ ಮತ್ತು ಶುಚಿಯ ಪ್ರಶ್ನೆ

ಅಡುಗೆ ಒಲೆಯ ಚರಿತ್ರೆಯನ್ನು ಬಹುಮಟ್ಟಿಗೆ ಇಂಧನದ ಚರಿತ್ರೆಯಾಗಿಯೇ ಬರೆಯಲಾಗಿದೆ. ಸೌದೆ, ಸೀಮೆಎಣ್ಣೆ, ಅನಿಲ, ವಿದ್ಯುತ್ತು ಎಂಬ ಆ ಅನುಕ್ರಮದಲ್ಲಿ ಹೊಗೆ, ವೆಚ್ಚ ಮತ್ತು ಉಷ್ಣದ ಲೆಕ್ಕಕ್ಕೆ ಸಿಕ್ಕಷ್ಟು ಗಮನ, ಅಡುಗೆ ಮುಗಿದ ಮೇಲೆ ಒಲೆಯನ್ನು ಶುಚಿಗೊಳಿಸುವ ದಿನನಿತ್ಯದ ದುಡಿಮೆಗೆ ಸಿಕ್ಕಿಲ್ಲ. ಈ ದುಡಿಮೆಯ ಕಡೆಯಿಂದ ನೋಡಿದಾಗ ಒಲೆಗಳ ಸುಧಾರಣೆಯ ಕಥೆ ಬೇರೆಯೇ ಆಗುತ್ತದೆ. ಪ್ರತಿಯೊಂದು ಹೊಸ ಒಲೆಯೂ ಕೊಳೆಯನ್ನು ಇಲ್ಲವಾಗಿಸಿದ್ದಕ್ಕಿಂತ ಅದು ಸೇರುವ ಜಾಗವನ್ನು ಬದಲಿಸಿದ್ದೇ ಹೆಚ್ಚು, ಮತ್ತು ಒಲೆ ಎಷ್ಟು ಸುಲಭವಾಗಿ ಶುಚಿಯಾಗುತ್ತದೆ ಎಂಬುದನ್ನು ಅದರ ಹೊಳಪಿಗಿಂತ ಅದರಲ್ಲಿರುವ ಸಂದುಗಳೂ ಮೇಲ್ಮೈಯ ಬಿಸಿಯೂ ನಿರ್ಧರಿಸುತ್ತವೆ.

ಮಣ್ಣಿನ ಒಲೆಯನ್ನು ತೊಳೆಯುವ ಪದ್ಧತಿಯೇ ಇರಲಿಲ್ಲ. ಉಕ್ಕಿದ ಹಾಲನ್ನೂ ಚೆಲ್ಲಿದ ಸಾರನ್ನೂ ಮಣ್ಣು ಹೀರಿಕೊಳ್ಳುತ್ತಿತ್ತು. ಬೂದಿ ತೆಗೆದ ಬಳಿಕ ಸೆಗಣಿ ಅಥವಾ ಕೆಮ್ಮಣ್ಣಿನಿಂದ ಸಾರಿಸಿದಾಗ ಹಳೆಯ ಕಲೆಯ ಮೇಲೆ ಹೊಸ ಪದರ ಕೂರುತ್ತಿತ್ತು, ಅದರ ಮೇಲೊಂದು ರಂಗೋಲಿ ಎಳೆ ಬೀಳುತ್ತಿತ್ತು. ಕೊಳೆಯನ್ನು ಕಿತ್ತು ತೆಗೆಯದೆ ಮೇಲ್ಮೈಯನ್ನೇ ನವೀಕರಿಸುವ ಈ ಕ್ರಮದಲ್ಲಿ ಒಲೆಗೆ ಸಂಬಂಧಿಸಿದ ನಿಜವಾದ ಕಷ್ಟವಿದ್ದದ್ದು ಒಲೆಯಲ್ಲಲ್ಲ, ಪಾತ್ರೆಯ ತಳದ ಮಸಿಯಲ್ಲಿ. ಪಾತ್ರೆಯನ್ನು ಒಲೆಗೇರಿಸುವ ಮೊದಲು ಹೊರಮೈಗೆ ಮಣ್ಣನ್ನೋ ಬೂದಿಯನ್ನೋ ಬಳಿಯುವ ರೂಢಿ ಹುಟ್ಟಿದ್ದು ಇದಕ್ಕಾಗಿಯೇ. ಮಸಿ ಲೋಹಕ್ಕೆ ಅಂಟದೆ ಆ ಲೇಪಕ್ಕೆ ಅಂಟಿ, ತೊಳೆಯುವಾಗ ಅದರೊಡನೆ ಕಳಚಿ ಬರುತ್ತಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ರೂಪಿಸಿದ, ಮುಂದಿನ ದಶಕದಲ್ಲಿ ಕರ್ನಾಟಕದ ಹಳ್ಳಿಗಳಿಗೆ ತಲುಪಿದ ಅಸ್ತ್ರ ಒಲೆ, ಮೂರು ಪಾತ್ರೆಗಳನ್ನು ಕುಳಿಗಳಲ್ಲಿ ಬಿಗಿಯಾಗಿ ಕೂರಿಸಿ ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಸಾಗಿಸುತ್ತಿತ್ತು. ಗೋಡೆ ಮತ್ತು ಸೂರಿನ ಮೇಲಿನ ಮಸಿ ಇದರಿಂದ ಕಡಿಮೆಯಾಯಿತಾದರೂ ಹೊಗೆಕೊಳವೆಯನ್ನು ಆಗಾಗ ಕೆರೆದು ಬಿಡಿಸುವ ಹೊಸ ಕೆಲಸ ಸೇರಿಕೊಂಡಿತು. ಪಟ್ಟಣಗಳಲ್ಲಿ ಬಂದ ಸೀಮೆಎಣ್ಣೆ ಸ್ಟೌಗಳ ಕೊಡುಗೆ ಈ ವಿಷಯದಲ್ಲಿ ಅಲ್ಪ. ಬತ್ತಿ ಸ್ಟೌ ಮಸಿ ಉಗುಳುತ್ತಿತ್ತು, ಪಂಪ್ ಸ್ಟೌವಿನ ಕಿರುರಂಧ್ರಕ್ಕೆ ಪಿನ್ನು ಹಾಕುತ್ತಲೇ ಇರಬೇಕಾಗಿತ್ತು.

ಭಾರತದ ಮನೆಗಳಿಗೆ ಅಡುಗೆ ಅನಿಲ 1955ರಲ್ಲಿ ಮುಂಬಯಿಯಲ್ಲಿ ಮೊದಲು ಬಂದಿತು. ಇಂಡೇನ್ ಹೆಸರಿನ ಸಂಪರ್ಕ 1965ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣವಾದ ಈ ಅನಿಲ ಸಾಕಷ್ಟು ಗಾಳಿಯೊಡನೆ ಉರಿದಾಗ ನೀಲಿ ಜ್ವಾಲೆ ಬರುವುದೇ ಹೊರತು ಮಸಿ ಕಟ್ಟುವುದಿಲ್ಲ. ಹೀಗೆ ಪಾತ್ರೆಯ ತಳ ಶುಭ್ರವಾದ ಹೊತ್ತಿಗೆ ಒಲೆಯ ಮೈ ತೊಳೆಯಬೇಕಾದ ವಸ್ತುವಾಯಿತು. ಲೋಹ ಹೀರುವುದಿಲ್ಲ, ಚೆಲ್ಲಿದ್ದು ಅಲ್ಲಿಯೇ ನಿಂತು ಕಾಯುತ್ತದೆ. ಒಗ್ಗರಣೆಯಿಂದ ಸಿಡಿದ ಎಣ್ಣೆ ಮೊದಲು ಬಟ್ಟೆಗೆ ಬರುವ ಜಿಡ್ಡಾಗಿರುತ್ತದೆ, ಮತ್ತೆ ಮತ್ತೆ ಬಿಸಿಯಾದಾಗ ಅದರ ಅಣುಗಳು ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಒಂದಕ್ಕೊಂದು ಹೆಣೆದುಕೊಂಡು ವಾರ್ನಿಷ್‌ನಂಥ ಗಟ್ಟಿ ಪೊರೆಯಾಗುತ್ತವೆ. ಪಾಲಿಮರೀಕರಣವೆಂಬ ಈ ಕ್ರಿಯೆ ನಡೆದ ಮೇಲೆ ಸೋಪಿನ ನೀರಿನಿಂದ ಹೆಚ್ಚಿನ ಫಲವಿಲ್ಲ. ಒಲೆ ಆರಿ ಬೆಚ್ಚಗಿರುವಾಗಲೇ ಮಸಿಬಟ್ಟೆಯಿಂದ ಒರೆಸುವ ಹಳೆಯ ಅಭ್ಯಾಸ ಯಾವುದೇ ದುಬಾರಿ ದ್ರಾವಣಕ್ಕಿಂತ ಹೆಚ್ಚು ಕೆಲಸ ಮಾಡುವುದು ಈ ಕಾರಣದಿಂದ.

ಬಣ್ಣ ಬಳಿದ ತಗಡು ಹಾಗೂ ಎನಾಮಲ್, ಅಂದರೆ ಲೋಹದ ಮೇಲೆ ಕರಗಿಸಿ ಕೂರಿಸಿದ ಗಾಜಿನ ಲೇಪ, ಮೂಲೆಗಳಲ್ಲಿ ಸಿಡಿದು ತುಕ್ಕಿಗೆ ದಾರಿಯಾದಾಗ ಸ್ಟೇನ್‌ಲೆಸ್ ಸ್ಟೀಲ್ ಆ ಜಾಗವನ್ನು ತುಂಬಿತು. ಅದರಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ತೆಳುವಾದ ಆಕ್ಸೈಡ್ ಪೊರೆಯನ್ನು ಕಟ್ಟಿ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಆದರೆ ಉಪ್ಪಿನಲ್ಲಿರುವ ಕ್ಲೋರೈಡ್ ಈ ಪೊರೆಯನ್ನು ಅಲ್ಲಲ್ಲಿ ಮುರಿದು ಸಣ್ಣ ಕುಳಿಗಳನ್ನು ಮಾಡಬಲ್ಲದು, ತಂತಿ ಉಜ್ಜುಗವು ಗೀರುಗಳನ್ನು ಮೂಡಿಸಿ ಮುಂದಿನ ಜಿಡ್ಡಿಗೆ ಹಿಡಿತ ಒದಗಿಸುತ್ತದೆ. ಸ್ಟೀಲ್ ಒಲೆಯ ಹಿರಿಮೆ ಬೇರೆಡೆಯಿದೆ. ಅದು ಹಗುರ, ಬಿದ್ದರೆ ಒಡೆಯದು, ಮುಖ್ಯವಾಗಿ ಅದನ್ನು ಎತ್ತಿ ಪಕ್ಕಕ್ಕಿಟ್ಟು ಅಡಿಯ ಕಟ್ಟೆಯನ್ನು ಒರೆಸಬಹುದು. ಅಂಗಡಿಯ ಬೆಳಕಿನಲ್ಲಿ ಒಲೆಯ ಮುಖವನ್ನಷ್ಟೇ ನೋಡಿ ಕೊಳ್ಳುವವರು ಮರೆಯುವುದು ಈ ಅಡಿಯನ್ನು; ಇರುವೆ, ಜಿರಲೆಗಳು ಮರೆಯುವುದಿಲ್ಲ.

ಎಲ್ಲ ಅನಿಲ ಒಲೆಗಳಲ್ಲಿಯೂ ಶುಚಿಯ ಕಠಿಣ ಭಾಗ ಬರ್ನರ್. ಉಕ್ಕಿದ ಗಂಜಿ ರಂಧ್ರಗಳಲ್ಲಿ ಒಣಗಿದರೆ ಜ್ವಾಲೆ ಹಳದಿಯಾಗಿ ಪಾತ್ರೆಯ ತಳಕ್ಕೆ ಮಸಿ ಮರಳುತ್ತದೆ, ಗೃಹಬಳಕೆಯ ಒಲೆಗೆ ಭಾರತೀಯ ಮಾನಕ ಗೊತ್ತುಪಡಿಸಿದ ಕನಿಷ್ಠ ಶೇ. 68ರ ಉಷ್ಣದಕ್ಷತೆಯೂ ಕೈತಪ್ಪುತ್ತದೆ. ಹಿತ್ತಾಳೆಯ ತಲೆಯನ್ನು ಹುಣಸೆಹುಳಿಯಲ್ಲಿ ನೆನೆಸಿದರೆ ಆಮ್ಲವು ಕಪ್ಪಾದ ಆಕ್ಸೈಡನ್ನು ಕರಗಿಸುತ್ತದೆ. ಅಲ್ಯೂಮಿನಿಯಂ ಮಿಶ್ರಲೋಹದ ಭಾಗಗಳಿಗೆ ವಾಷಿಂಗ್ ಸೋಡಾದಂಥ ತೀಕ್ಷ್ಣ ಕ್ಷಾರ ತಾಗಿದರೆ ಲೋಹವೇ ಸವೆದು ಕಪ್ಪಾಗುತ್ತದೆ. ಬರ್ನರಿನ ಸುತ್ತಲಿನ ಸಂದಿನಿಂದ ಇಳಿದದ್ದನ್ನು ಹಿಡಿಯುವ ತಟ್ಟೆ ಹೊರಕ್ಕೆ ಎಳೆಯಲು ಬರುವಂತಿದೆಯೇ, ಪಾತ್ರೆ ನಿಲ್ಲುವ ಕಾಲುಗಳು ಬಿಡಿಯಾಗಿವೆಯೇ ಎಂಬುದು ಕೊಳ್ಳುವ ಮುನ್ನ ಕೇಳಲೇಬೇಕಾದ ಪ್ರಶ್ನೆ.

ಕಳೆದ ಎರಡು ದಶಕಗಳಲ್ಲಿ ಮನೆಮನೆಗೆ ಬಂದ ಗಾಜಿನ ಮೇಲ್ಮೈಯ ಒಲೆ ಈ ಪ್ರಶ್ನೆಗೆ ಅರ್ಧ ಉತ್ತರ. ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ ಗಾಳಿಯ ರಭಸದಿಂದ ಥಟ್ಟನೆ ತಣಿಸಿದ ಈ ಗಾಜಿನಲ್ಲಿ ಹೊರಪದರ ಒತ್ತಡದಲ್ಲಿಯೂ ಒಳಪದರ ಸೆಳೆತದಲ್ಲಿಯೂ ಇರುವುದರಿಂದ ಅದು ಸಾಮಾನ್ಯ ಗಾಜಿಗಿಂತ ಹಲವು ಪಟ್ಟು ಗಟ್ಟಿ, ಒಡೆದಾಗ ಮಾತ್ರ ಒಮ್ಮೆಗೇ ಸಣ್ಣ ಚೂರುಗಳಾಗುತ್ತದೆ. ಸಮತಲವಾದ ನಡುಭಾಗ ಒಂದೇ ಒರೆಸಿಗೆ ಶುಚಿಯಾಗುವುದು ನಿಜ. ಆದರೆ ಬರ್ನರಿಗಾಗಿ ಕೊರೆದ ವೃತ್ತದ ಸುತ್ತ ಸ್ಟೀಲಿನ ಬಳೆ ಕೂರುತ್ತದೆ, ಎಣ್ಣೆ ಆ ಬಳೆಯ ಅಡಿಗೆ ಹರಿದು ಹಳದಿ ಅಂಚು ಕಟ್ಟುತ್ತದೆ. ತೆಗೆಯಲಾಗದ ಬಳೆಯಿರುವ ಗಾಜಿನ ಒಲೆಗಿಂತ ಬಿಡಿಭಾಗಗಳು ಸಲೀಸಾಗಿ ಕಳಚುವ ಸ್ಟೀಲ್ ಒಲೆಯೇ ಲೇಸು. ಕಟ್ಟೆಯ ಗ್ರಾನೈಟನ್ನು ಕತ್ತರಿಸಿ ಹುದುಗಿಸುವ ಹಾಬ್‌ನಲ್ಲಿ ಒಲೆಯಡಿಯ ಕೊಳೆ ಇಲ್ಲವಾಗುತ್ತದೆ. ಬದಲಿಗೆ ಅಂಚಿನ ಸಿಲಿಕೋನ್ ಬೆಸುಗೆಯಲ್ಲಿ ಜಿಡ್ಡು ಸೇರುತ್ತದೆ, ಎತ್ತಿ ನೋಡುವ ಸ್ವಾತಂತ್ರ್ಯವೂ ಹೋಗುತ್ತದೆ.

ಸಂದೇ ಇಲ್ಲದ ಮೇಲ್ಮೈ ಸಾಧ್ಯವಾದದ್ದು ಜ್ವಾಲೆಯನ್ನು ಬಿಟ್ಟುಕೊಟ್ಟ ಮೇಲೆ. 1953ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಡೊನಾಲ್ಡ್ ಸ್ಟೂಕಿ ಅವರ ಕುಲುಮೆ 600 ಡಿಗ್ರಿಯಲ್ಲಿ ನಿಲ್ಲದೆ 900 ಡಿಗ್ರಿಗೆ ಏರಿಬಿಟ್ಟಿತು. ಕರಗಿರಬೇಕಾಗಿದ್ದ ಗಾಜು ಬಿಳಿಯ ಹಲಗೆಯಾಗಿ, ಕೆಳಗೆ ಬಿದ್ದರೂ ಒಡೆಯದೆ ಹೊರಬಂದಿತು. ಗಾಜಿನೊಳಗೆ ಸೂಕ್ಷ್ಮ ಹರಳುಗಳು ಬೆಳೆದು ಆಗುವ ಈ ಗಾಜುಪಿಂಗಾಣಿಯ ಒಂದು ಬಗೆ ಕಾಯಿಸಿದರೂ ಹಿಗ್ಗುವುದೇ ಇಲ್ಲವೆನ್ನಬಹುದು. 1970ರ ದಶಕದ ಆರಂಭದಲ್ಲಿ ಜರ್ಮನಿಯ ಶಾಟ್ ಕಂಪನಿ ಅದರಿಂದ ಒಲೆಯ ಹಲಗೆ ಮಾಡಿತು. ಕೆಳಗೆ ವಿದ್ಯುತ್ ಸುರುಳಿ ಕಾದಾಗ ಹಲಗೆಯೂ ಕಾಯುವುದರಿಂದ ಚೆಲ್ಲಿದ್ದು ಹೊತ್ತುವುದು ತಪ್ಪಲಿಲ್ಲ. ಬೆಲ್ಲದ ಪಾಕ ಬಿದ್ದು ತಣ್ಣಗಾದರೆ ಕೀಳುವಾಗ ಮೇಲ್ಮೈಯ ಚಕ್ಕೆಯೇ ಏಳಬಹುದಾದ್ದರಿಂದ ಅದನ್ನು ಬಿಸಿಯಿರುವಾಗಲೇ ಎಚ್ಚರದಿಂದ ಹಿಡಿಯಿರುವ ಬ್ಲೇಡಿನಿಂದ ಕೆರೆದು ತೆಗೆಯಬೇಕು.

ಇಂಡಕ್ಷನ್ ಒಲೆಯಲ್ಲಿ ಅದೇ ಹಲಗೆಯ ಕೆಳಗಿನ ತಾಮ್ರದ ಸುರುಳಿ ಕ್ಷಿಪ್ರವಾಗಿ ಬದಲಾಗುವ ಕಾಂತಕ್ಷೇತ್ರವನ್ನು ಸೃಷ್ಟಿಸಿ ಪಾತ್ರೆಯ ತಳದಲ್ಲಿಯೇ ವಿದ್ಯುತ್ ಹರಿಸುತ್ತದೆ. ಹಲಗೆಗೆ ಬರುವ ಬಿಸಿ ಪಾತ್ರೆಯಿಂದ ಮರಳಿ ಬಂದದ್ದು ಮಾತ್ರ, ಆದ್ದರಿಂದ ಪಾತ್ರೆಯ ಹೊರಗೆ ಉಕ್ಕಿದ ಹಾಲು ಕಪ್ಪಾಗುವ ಮೊದಲೇ ಒರೆಸಿಗೆ ಸಿಗುತ್ತದೆ. ಶುಚಿಯೊಂದನ್ನೇ ಅಳತೆಗೋಲಾಗಿಟ್ಟರೆ ಇದಕ್ಕೆ ಸಾಟಿಯಿಲ್ಲ. ಆದರೆ ಅಯಸ್ಕಾಂತ ಹಿಡಿಯದ ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆಗಳೂ ಕಲ್ಲಿನ ಮರಿಗೆಯೂ ಸಾಮಾನ್ಯ ಮನೆಬಳಕೆಯ ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ, ಬದನೆಕಾಯಿ ಸುಡುವುದಕ್ಕೂ ರೊಟ್ಟಿಯನ್ನು ಕೆಂಡದಲ್ಲಿಯೋ ಜ್ವಾಲೆಯಲ್ಲಿಯೋ ಉಬ್ಬಿಸುವುದಕ್ಕೂ ಅದು ಒದಗುವುದಿಲ್ಲ. ಹೀಗಾಗಿ ಹಾಲು, ಅನ್ನ, ಕಾಫಿಯಂಥ ಉಕ್ಕುವ ಕೆಲಸಗಳನ್ನು ಇಂಡಕ್ಷನ್ನಿಗೂ ಒಗ್ಗರಣೆ, ರೊಟ್ಟಿಗಳನ್ನು ಎರಡು ಬರ್ನರಿನ ಬಿಡಿ ಸ್ಟೀಲ್ ಒಲೆಗೂ ಹಂಚುವುದು ಹೆಚ್ಚಿನ ಮನೆಗಳಿಗೆ ಹೊಂದುವ ವ್ಯವಸ್ಥೆ. ಎರಡನ್ನೂ ಒತ್ತೊತ್ತಾಗಿ ಇಡಬಾರದು. ಇಂಡಕ್ಷನ್ನಿನ ಅಡಿಯ ಫ್ಯಾನ್ ತನ್ನ ವಿದ್ಯುನ್ಮಾನ ಭಾಗಗಳನ್ನು ತಣಿಸಲು ಗಾಳಿ ಎಳೆಯುವಾಗ ಪಕ್ಕದ ಬಾಣಲೆಯ ಎಣ್ಣೆಹಬೆಯನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ, ಆ ಜಿಡ್ಡು ನೀರು ತಾಗಿಸಿ ತೊಳೆಯಲಾಗದ ಜಾಗದಲ್ಲಿ ನೆಲೆಸುತ್ತದೆ.