ಬೆಟ್ಟದ ಮರ ಕುಂಡಕ್ಕೆ ಬಂದಾಗ: ಜುನಿಪರ್ ಬೋನ್ಸಾಯ್ ಮತ್ತು ನಮ್ಮೂರ ಹುಣಸೆ

ಸೇಲಂ: ತಟ್ಟೆಯಂಥ ಒಂದು ಕುಂಡ. ಅದರಲ್ಲೊಂದು ಮುದಿ ಮರ. ಕಾಂಡದ ಅರ್ಧ ಭಾಗ ಬಿಸಿಲಿಗೆ ಬಿಳಿಚಿ ಎಲುಬಿನಂತೆ ಕಾಣುತ್ತದೆ. ಇನ್ನರ್ಧದಲ್ಲಿ ಕೆಂಗಂದು ತೊಗಟೆ, ತುದಿಯಲ್ಲಿ ಹಸಿರು ಎಲೆಗಳ ಗುಚ್ಛ. ಬೋನ್ಸಾಯ್ ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣುವ ಈ ಮರದ ಹೆಸರು ಜುನಿಪರ್. ಅದರ ಚಿತ್ರ ನೋಡಿದ ಸೇಲಂ, ಧರ್ಮಪುರಿಯ ತೋಟಪ್ರಿಯರಿಗೆ ಬರುವ ಮೊದಲ ಯೋಚನೆ: ನಮ್ಮ ಶೇರ್ವರಾಯನ್ ಬೆಟ್ಟದಿಂದಲೂ ಇಂಥದ್ದೊಂದು ಮರ ಕಿತ್ತು ತಂದರೆ ಹೇಗೆ?

ಕಿತ್ತು ತರುವುದು ಒಂದು ಮಧ್ಯಾಹ್ನದ ಕೆಲಸ, ಬದುಕಿಸುವುದು ಎರಡು ಮೂರು ವರ್ಷದ ಕೆಲಸ. ಬಂಡೆಯ ಸಂದಿಯಲ್ಲಿ ಹಲವು ದಶಕ ಗಾಳಿ, ಬರ ಎಲ್ಲವನ್ನೂ ತಾಳಿಕೊಂಡ ಮರ ಅವಸರದ ಕೈಗೆ ಸಿಕ್ಕಿದರೆ ಒಂದೇ ಬೇಸಿಗೆಗೆ ಒಣಗುತ್ತದೆ. ಕಾನೂನಿನ ಪ್ರಶ್ನೆಯೂ ಇದೆ. ಆದ್ದರಿಂದ ಹಾರೆ ಹಿಡಿಯುವ ಮುನ್ನ ತಿಳಿಯಬೇಕಾದ ಸಂಗತಿಗಳು ಇಲ್ಲಿವೆ.

ಯಮದೋರಿ ಎಂದರೇನು?

ಬೋನ್ಸಾಯ್ ಜಪಾನಿ ಪದ. 'ಬೋನ್' ಎಂದರೆ ತಟ್ಟೆಯಂಥ ಪಾತ್ರೆ, 'ಸಾಯ್' ಎಂದರೆ ನೆಡುವುದು. ಕಲೆಯ ಮೂಲ ಚೀನಾದ್ದು, ಬೆಳೆದದ್ದು ಜಪಾನಿನಲ್ಲಿ. ಬೀಜದಿಂದ, ಕಡ್ಡಿಯಿಂದ, ಗೂಟಿ ಕಟ್ಟಿ ಬೋನ್ಸಾಯ್ ಮಾಡುವುದುಂಟು. ಬೆಟ್ಟದಲ್ಲಿ ತಾನಾಗಿ ಗಿಡ್ಡಗಾದ ಮರವನ್ನು ಅಗೆದು ತಂದು ರೂಪ ಕೊಡುವ ಕ್ರಮಕ್ಕೆ 'ಯಮದೋರಿ' ಎನ್ನುತ್ತಾರೆ. ಜಪಾನಿ ಭಾಷೆಯಲ್ಲಿ 'ಯಮ' ಎಂದರೆ ಬೆಟ್ಟ. ಗೊತ್ತಿಲ್ಲದವರ ಕೈಗೆ ಸಿಕ್ಕಿದ ಮರದ ಪಾಲಿಗೆ ಮಾತ್ರ ಅದು ನಮ್ಮ ಯಮನೇ.

ಯಮದೋರಿಗೆ ಏಕಿಷ್ಟು ಬೆಲೆ? ವಯಸ್ಸನ್ನು ಕತ್ತರಿ, ತಂತಿಗಳಿಂದ ಮಾಡಲಾಗದು. ಹಿಮದ ಭಾರಕ್ಕೆ ಬಾಗಿದ ಕಾಂಡ, ಸಿಡಿಲಿಗೆ ಸೀಳಿದ ತುದಿ, ದನ ಕರು ಮೇಯ್ದು ಮೇಯ್ದು ಮೊಟಕಾದ ಕೊಂಬೆ ಇವೆಲ್ಲ ಕಾಲವೇ ಮಾಡಿಟ್ಟ ಕೆಲಸ.

ಜಪಾನಿನ ಪಾಠ

ಜಪಾನಿನಲ್ಲಿ 'ಶಿಂಪಾಕು' ಎಂಬ ಜುನಿಪರ್ ಜಾತಿ ಬೋನ್ಸಾಯ್‌ಗೆ ಹೆಸರುವಾಸಿ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಶಿಕೋಕು ದ್ವೀಪದ ಇಶಿಜುಚಿ ಬೆಟ್ಟದಿಂದ ಇವನ್ನು ತರತೊಡಗಿದರು. ಆ ಬೆಟ್ಟ ಬರಿದಾಗುತ್ತ ಬಂದಂತೆ ನಿಗಾತ ಪ್ರಾಂತದ ಇತೋಯಿಗಾವ ಕಡೆಯ ಸುಣ್ಣಕಲ್ಲಿನ ಕಡಿದಾದ ಬೆಟ್ಟಗಳಿಗೆ ಕೈ ಹಾಕಿದರು. ಹಗ್ಗ ಕಟ್ಟಿಕೊಂಡು ಪ್ರಪಾತಕ್ಕೆ ಇಳಿದು ಮರ ಕೀಳುವುದೇ ಕೆಲವರ ಕಸುಬಾಯಿತು. ಕೊನೆಗೆ ಬೆಟ್ಟದಲ್ಲಿ ಒಳ್ಳೆಯ ಮರಗಳೇ ಉಳಿಯಲಿಲ್ಲ. ಇಂದು ಅಲ್ಲಿ ಮಾರಾಟವಾಗುವ ಶಿಂಪಾಕುಗಳಲ್ಲಿ ಹೆಚ್ಚಿನವು ಕಡ್ಡಿ ನೆಟ್ಟು ನರ್ಸರಿಯಲ್ಲಿ ಬೆಳೆಸಿದವು.

1923ರ ದೊಡ್ಡ ಭೂಕಂಪದ ನಂತರ ಟೋಕಿಯೊದ ಬೋನ್ಸಾಯ್ ಬೆಳೆಗಾರರು ಒಮಿಯಾ ಎಂಬಲ್ಲಿಗೆ ಹೋಗಿ 1925ರಲ್ಲಿ ಬೋನ್ಸಾಯ್ ಗ್ರಾಮವನ್ನೇ ಕಟ್ಟಿದರು. ಅಲ್ಲಿ ಕಲಿತವರಲ್ಲೊಬ್ಬರು 1940ರಲ್ಲಿ ಹುಟ್ಟಿದ ಮಸಾಹಿಕೊ ಕಿಮುರ. ವಿದ್ಯುತ್ ಉಪಕರಣಗಳಿಂದ ಒಣ ಕಟ್ಟಿಗೆ ಕೊರೆದು, ಬೆಟ್ಟದ ಜುನಿಪರ್‌ಗಳಿಗೆ ಹೊಸ ರೂಪ ಕೊಟ್ಟು ಜಗತ್ತಿನ ಗಮನ ಸೆಳೆದವರು ಅವರು. ಇಂದು ಜುನಿಪರ್ ಕೆಲಸ ಮಾಡುವ ಅನೇಕರ ಮೇಲೆ ಅವರ ಪ್ರಭಾವವಿದೆ.

ನಮ್ಮ ಬೆಟ್ಟದಲ್ಲಿ ಜುನಿಪರ್ ಇದೆಯೇ?

ಇಲ್ಲ. ಭಾರತದಲ್ಲಿ ಕಾಡು ಜುನಿಪರ್ ಇರುವುದು ಹಿಮಾಲಯದಲ್ಲಿ. ಲಡಾಖ್‌ನಲ್ಲಿ ಇದನ್ನು 'ಶುಕ್ಪಾ' ಎನ್ನುತ್ತಾರೆ. ಬೌದ್ಧರು ಇದರ ಎಲೆಯನ್ನು ಧೂಪಕ್ಕೆ ಬಳಸುತ್ತಾರೆ, ಮರವನ್ನು ಪವಿತ್ರವೆಂದು ಕಾಣುತ್ತಾರೆ. ಅಲ್ಲಿನ ಹೆಮಿಸ್ ಶುಕ್ಪಾಚನ್ ಎಂಬ ಹಳ್ಳಿಗೆ ಈ ಮರದಿಂದಲೇ ಹೆಸರು ಬಂದಿದೆ. ನಿಧಾನವಾಗಿ ಬೆಳೆಯುವ ಆ ಮರಗಳನ್ನು ಕಿತ್ತು ತರುವ ಆಸೆ ಬೇಡ.

ನರ್ಸರಿಯ ಚೀನಾ ಜುನಿಪರ್ ಮಾತ್ರ ನಮ್ಮ ಕಡೆಯೂ ಸಿಗುತ್ತದೆ. ಅದಕ್ಕೆ ತಂಪು ಬೇಕು. ಸುಮಾರು 1,500 ಮೀಟರ್ ಎತ್ತರದ ಏರ್ಕಾಡಿನಲ್ಲಿ, ಸುಮಾರು 900 ಮೀಟರ್ ಎತ್ತರದ ಹೊಸೂರಿನಲ್ಲಿ ಅದನ್ನು ಕಾಪಾಡುವುದು ಸುಲಭ. ಹೊಸೂರು 2004ರ ತನಕ ಧರ್ಮಪುರಿ ಜಿಲ್ಲೆಯಲ್ಲಿತ್ತು, ಈಗ ಕೃಷ್ಣಗಿರಿಗೆ ಸೇರಿದೆ. ಸೇಲಂ ಪೇಟೆ ಇರುವುದು 300 ಮೀಟರಿಗಿಂತ ಕೆಳಗೆ. ಇಲ್ಲಿನ ಏಪ್ರಿಲ್-ಮೇ ಬಿಸಿಲಿಗೆ, ಅದರಲ್ಲೂ ಕಾಂಕ್ರೀಟ್ ತಾರಸಿಯ ಮೇಲೆ, ಜುನಿಪರ್ ಸೊರಗುತ್ತದೆ.

ಆದರೆ ಈ ಬಯಲಿಗೆ ಅದರದೇ ಮರವಿದೆ: ಹುಣಸೆ. ಧರ್ಮಪುರಿ, ಕೃಷ್ಣಗಿರಿಯ ರಸ್ತೆ ಬದಿಯಲ್ಲಿ, ಹೊಲದ ಬದುವಿನಲ್ಲಿ ಹುಣಸೆ ಕಾಣದ ಊರಿಲ್ಲ. ಸಣ್ಣ ಎಲೆ, ಬಿರುಕು ಬಿಟ್ಟ ತೊಗಟೆ, ಬರ ತಾಳುವ ಗುಣ, ದಪ್ಪ ಕೊಂಬೆ ಕಡಿದರೂ ಚಿಗುರುವ ಶಕ್ತಿ. ಬೋನ್ಸಾಯ್‌ಗೆ ಇನ್ನೇನು ಬೇಕು? ಆಲ, ಅರಳಿ, ಬಸರಿಯೂ ಒಗ್ಗುತ್ತವೆ. ಹಳೆಯ ಗೋಡೆ, ಬಾವಿಯ ಕಟ್ಟೆ, ತಾರಸಿಯ ಬಿರುಕಿನಲ್ಲಿ ಹುಟ್ಟಿದ ಅರಳಿ, ಆಲದ ಸಸಿಯನ್ನು ಹೇಗೂ ಕೀಳಲೇಬೇಕು. ನಮ್ಮೂರಿನ ಯಮದೋರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಕಾನೂನು ಏನು ಹೇಳುತ್ತದೆ?

ಶೇರ್ವರಾಯನ್, ಕಲ್ವರಾಯನ್, ಚಿತ್ತೇರಿ ಬೆಟ್ಟಗಳಲ್ಲಿ ಮೀಸಲು ಅರಣ್ಯ ವಿಸ್ತಾರವಾಗಿದೆ. 1882ರ ತಮಿಳುನಾಡು ಅರಣ್ಯ ಕಾಯ್ದೆಯಂತೆ ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಮರ ಕೀಳುವುದು ಅಪರಾಧ. 'ಒಂದು ಸಣ್ಣ ಗಿಡ ತಾನೇ' ಎಂಬ ಮಾತು ಅಲ್ಲಿ ನಡೆಯದು. ರಸ್ತೆ ಬದಿಯ, ಕೆರೆ ಏರಿಯ, ಗ್ರಾಮದ ಮರಗಳೂ ಸಾರ್ವಜನಿಕ ಆಸ್ತಿ. ರಸ್ತೆ ಅಗಲೀಕರಣಕ್ಕೆ ಬೀಳಲಿರುವ ಮರವಾದರೂ ಸಂಬಂಧಪಟ್ಟ ಇಲಾಖೆಯಿಂದ ಬರಹದಲ್ಲಿ ಒಪ್ಪಿಗೆ ಬೇಕು.

ಸ್ವಂತ ಪಟ್ಟಾ ಜಮೀನು, ಮಾಲೀಕರ ಒಪ್ಪಿಗೆ ಇರುವ ತೋಟ, ಕೆಡವುತ್ತಿರುವ ಹಳೆಯ ಮನೆ ಇವು ಮೂರು ಸರಿಯಾದ ಜಾಗಗಳು. ಹೊರದೇಶದಿಂದ ಗಿಡ ತರಿಸುವವರು 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಆಮದು ಪರವಾನಗಿಯನ್ನೂ, ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವನ್ನೂ ಪಡೆಯಬೇಕು.

ಅಗೆಯುವುದು ಹೇಗೆ?

ಹುಣಸೆ, ಆಲದ ಜಾತಿಗಳಿಗೆ ಮಳೆ ಹಿಡಿಯುವ ಜೂನ್-ಜುಲೈ ಸೂಕ್ತ. ದೊಡ್ಡ ಮರವಾದರೆ ಒಂದೇ ಸಲ ಕೀಳಬಾರದು.

1. ಮೊದಲ ವರ್ಷ ಮರದ ಸುತ್ತ ಅರ್ಧ ಭಾಗಕ್ಕೆ ಕಾಲುವೆ ತೋಡಿ, ದಪ್ಪ ಬೇರುಗಳನ್ನು ಕತ್ತರಿಸಿ, ಮರಳು ಮತ್ತು ಎಲೆಗೊಬ್ಬರ ತುಂಬಿ ಮುಚ್ಚಬೇಕು. ಅಲ್ಲಿ ಎಳೆಬೇರು ಹುಟ್ಟುತ್ತದೆ.

2. ಮರುವರ್ಷ ಉಳಿದ ಅರ್ಧ ತೋಡಿ, ಹುಣಸೆಯಾದರೆ ತಾಯಿಬೇರನ್ನು ಗರಗಸದಿಂದ ಕೊಯ್ದು ಮೇಲೆತ್ತಬೇಕು. ಜಗ್ಗಿ ಕೀಳಬಾರದು.

3. ಬೇರಿನ ಮಣ್ಣು ಉದುರದಂತೆ ಒದ್ದೆ ಗೋಣಿತಾಟಿನಲ್ಲಿ ಸುತ್ತಿ, ನೆರಳಿನಲ್ಲಿ ಸಾಗಿಸಬೇಕು. ಬೇರು ಹತ್ತು ನಿಮಿಷ ಬಿಸಿಲು ಕಂಡರೂ ನಷ್ಟ.

4. ಮನೆಗೆ ತಂದ ಮೇಲೆ ಅಂದದ ಕುಂಡ ಬೇಡ. ಮರದ ಪೆಟ್ಟಿಗೆ ಅಥವಾ ತಳದಲ್ಲಿ ತೂತಿರುವ ಅಗಲದ ತೊಟ್ಟಿ ಸಾಕು. ಜರಡಿ ಹಿಡಿದ ಸುಟ್ಟ ಇಟ್ಟಿಗೆ ಚೂರು, ದಪ್ಪ ನದಿ ಮರಳು, ಸ್ವಲ್ಪ ಎಲೆಗೊಬ್ಬರ ಬೆರೆಸಿ ತುಂಬಬೇಕು. ಹೊಲದ ಜೇಡಿಮಣ್ಣು ನೀರು ಹಿಡಿದು ಬೇರನ್ನು ಕೊಳೆಸುತ್ತದೆ.

5. ಕಾಂಡ ಅಲುಗದಂತೆ ತಂತಿಯಿಂದ ಪೆಟ್ಟಿಗೆಗೆ ಬಿಗಿಯಬೇಕು. ಗಾಳಿಗೆ ಮರ ಅಲುಗಿದರೆ ಹೊಸ ಬೇರಿನ ಕೂದಲೆಳೆ ಹರಿಯುತ್ತದೆ. ಅನೇಕ ಮರಗಳು ಸಾಯುವುದು ಈ ಒಂದೇ ಕಾರಣಕ್ಕೆ.

ಆಮೇಲೆ ಕಾಯುವುದು. ಎರಡು ವರ್ಷ ಮರದ ಕೊಂಬೆ ಮುಟ್ಟಬಾರದು. ಬೇರು ಹಿಡಿದಿದೆ ಎಂಬುದಕ್ಕೆ ಬಲವಾದ ಹೊಸ ಬೆಳವಣಿಗೆಯೇ ಸಾಕ್ಷಿ. ಜುನಿಪರ್ ಇಲ್ಲಿ ಮೋಸ ಮಾಡುತ್ತದೆ. ಬೇರು ಸತ್ತ ಮೇಲೂ ಅದರ ಎಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ. ಬಣ್ಣ ಕೆಟ್ಟಿತೆಂದು ಗೊತ್ತಾಗುವ ಹೊತ್ತಿಗೆ ಮರ ಹೋಗಿಯಾಗಿರುತ್ತದೆ.

ಜುನಿಪರ್‌ಗೆ ರೂಪ ಕೊಡುವ ಕ್ರಮ

ಮುಖ ಆರಿಸುವುದು: ಬುಡದ ಮಣ್ಣು ಕೆದಕಿ ಬೇರು ಹರಡಿದ ರೀತಿ ನೋಡಬೇಕು. ಕಾಂಡದ ತಿರುವು, ಬೇರಿನ ಹರಹು, ಒಣ ಕಟ್ಟಿಗೆ ಮೂರೂ ಚೆನ್ನಾಗಿ ಕಾಣುವ ಕಡೆಯೇ ಮರದ ಮುಖ. ಇದಕ್ಕೆ ಒಂದು ದಿನವಿಡೀ ಹಿಡಿದರೂ ತಪ್ಪಿಲ್ಲ.

ಜೀವನಾಳ ಹುಡುಕುವುದು: ಹಳೆಯ ಜುನಿಪರ್‌ನಲ್ಲಿ ಇಂತಿಂಥ ಬೇರು ಇಂತಿಂಥ ಕೊಂಬೆಗೆ ರಸ ಕಳಿಸುತ್ತದೆ. ಆ ದಾರಿ ಕಾಂಡದ ಮೇಲೆ ಉಬ್ಬಿದ ಪಟ್ಟಿಯಂತೆ ಕಾಣುತ್ತದೆ. ಒಣ ತೊಗಟೆಯನ್ನು ಮೃದುವಾಗಿ ಉಜ್ಜಿ ತೆಗೆದರೆ ಸ್ಪಷ್ಟವಾಗುತ್ತದೆ. ಈ ಪಟ್ಟಿ ಕಡಿದರೆ ಅದನ್ನು ನಂಬಿದ ಕೊಂಬೆ ಒಣಗುತ್ತದೆ.

ಒಣ ಕಟ್ಟಿಗೆ: ಬೇಡದ ಕೊಂಬೆಯನ್ನು ಪೂರ್ತಿ ಕತ್ತರಿಸದೆ, ತೊಗಟೆ ಸುಲಿದು ಮೊನಚಾಗಿ ಉಳಿಸಿದರೆ ಅದು 'ಜಿನ್'. ಕಾಂಡದ ಮೇಲೆ ಸುಲಿದ ಪಟ್ಟಿ 'ಶಾರಿ'. ಚಾಕುವಿನಿಂದ ಕೆತ್ತುವುದಕ್ಕಿಂತ ಇಕ್ಕಳದಿಂದ ನಾರು ಹಿಡಿದು ಎಳೆದರೆ ಸಹಜವಾಗಿ ಕಾಣುತ್ತದೆ. ಕಟ್ಟಿಗೆ ಒಣಗಿದ ಮೇಲೆ ಸುಣ್ಣ-ಗಂಧಕದ ದ್ರಾವಣವನ್ನು ಕುಂಚದಿಂದ ಹಚ್ಚಿದರೆ ಕೊಳೆಯುವುದು ತಗ್ಗುತ್ತದೆ, ಬಿಸಿಲಿಗೆ ಬೆಳ್ಳಗಾಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವುದರಿಂದ ಬಯಲಲ್ಲಿ, ಕೈಗವಸು ಹಾಕಿ, ಕುಂಡದ ಮಣ್ಣು ಮುಚ್ಚಿ ಹಚ್ಚಬೇಕು.

ತಂತಿ ಸುತ್ತುವುದು: ತಾಮ್ರ ಅಥವಾ ಅಲ್ಯೂಮಿನಿಯಂ ತಂತಿ, ಕೊಂಬೆಯ ದಪ್ಪದ ಮೂರನೇ ಒಂದರಷ್ಟು. ಸುತ್ತು 45 ಡಿಗ್ರಿ ಓರೆಯಾಗಿರಲಿ, ತಿರುಚುವ ದಿಕ್ಕಿನಲ್ಲೇ ಸುತ್ತಿರಲಿ. ದಪ್ಪ ಕೊಂಬೆ ಬಗ್ಗಿಸುವ ಮುನ್ನ ಒದ್ದೆ ನಾರು ಬಿಗಿಯಾಗಿ ಸುತ್ತಿದರೆ ತೊಗಟೆ ಸೀಳುವುದಿಲ್ಲ. ತಿಂಗಳಿಗೊಮ್ಮೆ ನೋಡುತ್ತ, ತಂತಿ ತೊಗಟೆಗೆ ಕಚ್ಚುವ ಮೊದಲೇ ತುಂಡು ಮಾಡಿ ತೆಗೆಯಬೇಕು. ಉಳಿಸುವ ಆಸೆಗೆ ಬಿಚ್ಚಲು ಹೋದರೆ ಕೊಂಬೆ ಮುರಿಯುತ್ತದೆ.

ಹಸಿರು ಉಳಿಸುವುದು: ಜುನಿಪರ್‌ನ ಶಕ್ತಿ ಇರುವುದು ಎಲೆಯಲ್ಲಿ. ಒಂದೇ ಸಲ ಮೂರನೇ ಒಂದಕ್ಕಿಂತ ಹೆಚ್ಚು ಎಲೆ ತೆಗೆಯದಿರುವುದು ಕ್ಷೇಮ. ಹಸಿರೇ ಇಲ್ಲದ ಹಳೆ ಕೊಂಬೆ ಮತ್ತೆ ಚಿಗುರುವುದಿಲ್ಲ. ಹೆಚ್ಚು ಕತ್ತರಿಸಿದರೆ ನಯವಾದ ಹುರುಪೆ ಎಲೆಯ ಬದಲು ಮುಳ್ಳೆಲೆ ಬರುತ್ತದೆ. ಅದು ಮರ ನೊಂದಿದೆ ಎಂಬ ಸೂಚನೆ. ರೂಪ ಕೊಟ್ಟ ವರ್ಷವೇ ಕುಂಡ ಬದಲಿಸಬಾರದು. ಒಂದು ವರ್ಷಕ್ಕೆ ಒಂದೇ ಪೆಟ್ಟು.

ಹುಣಸೆಗೆ ಬೇರೆ ಲೆಕ್ಕ

ಹುಣಸೆಗೆ ಜುನಿಪರ್‌ನ ನಿಯಮಗಳನ್ನು ಕಣ್ಣುಮುಚ್ಚಿ ಹಾಕಬಾರದು. ಬರಿಗೊಂಬೆಯಲ್ಲೂ ಇದು ಚಿಗುರುವುದರಿಂದ ಧೈರ್ಯವಾಗಿ ಕತ್ತರಿಸಬಹುದು. ತಂತಿಗಿಂತ ಕತ್ತರಿಯೇ ಇಲ್ಲಿ ಮುಖ್ಯ: ಬೆಳೆಯಲು ಬಿಡು, ಕತ್ತರಿಸು, ಮತ್ತೆ ಬೆಳೆಯಲು ಬಿಡು. ಬಲಿತ ಕೊಂಬೆ ಗಡುಸಾಗಿ ಪಟ್ಟೆಂದು ಮುರಿಯುತ್ತದೆ, ಬಗ್ಗಿಸುವುದಿದ್ದರೆ ಎಳೆಯದರಲ್ಲೇ ಬಗ್ಗಿಸಬೇಕು. ಆಲ, ಅರಳಿಯ ಕಟ್ಟಿಗೆ ಮೆತ್ತಗಿದ್ದು ಬೇಗ ಕೊಳೆಯುವುದರಿಂದ ಜಿನ್, ಶಾರಿಯ ಗೋಜು ಬೇಡ. ಅವಕ್ಕೆ ಬಿಳಲು, ಬಂಡೆ ಅಪ್ಪಿದ ಬೇರುಗಳೇ ಚೆಂದ. ಹನುಮಂತನನ್ನು ಕೆತ್ತಲು ಹೋಗಿ ಗಣಪತಿಯಾಗಬಾರದಲ್ಲ. ಆಲ ಆಲದಂತೆಯೇ, ಹುಣಸೆ ಹುಣಸೆಯಂತೆಯೇ ಕಾಣಬೇಕು.

ವರ್ಷದ ಆರೈಕೆ

ಜನವರಿ-ಫೆಬ್ರವರಿ: ಏರ್ಕಾಡು, ಹೊಸೂರಿನ ಜುನಿಪರ್‌ಗೆ ಕುಂಡ ಬದಲಿಸುವ ಅಥವಾ ತಂತಿ ಸುತ್ತುವ ಕಾಲ.

ಮಾರ್ಚ್-ಮೇ: ಮಧ್ಯಾಹ್ನದ ಬಿಸಿಲಿಗೆ ನೆರಳು ಬಲೆ. ಬೆಳಿಗ್ಗೆ ನೀರು, ಸಂಜೆ ಮಣ್ಣು ಮುಟ್ಟಿ ನೋಡಿ ಬೇಕಿದ್ದರೆ ಮತ್ತೆ. ಎಲೆ ಮಂಕಾಗಿ ಬೂದು ಬಣ್ಣಕ್ಕೆ ತಿರುಗಿದರೆ ಕೆಂಪು ನುಸಿ ಇರಬಹುದು. ಬಿಳಿ ಕಾಗದದ ಮೇಲೆ ಕೊಂಬೆ ತಟ್ಟಿದರೆ ಹರಿದಾಡುವ ಚುಕ್ಕಿ ಕಾಣುತ್ತದೆ. ಎಲೆಗೆ ಜೋರಾಗಿ ನೀರು ಹೊಡೆದು ತೊಳೆಯುವುದೇ ಮೊದಲ ಮದ್ದು.

ಜೂನ್-ಸೆಪ್ಟೆಂಬರ್: ಹುಣಸೆ, ಆಲದ ಕುಂಡ ಬದಲಾವಣೆ, ಕತ್ತರಿ ಕೆಲಸ, ತೆಳುವಾದ ಹಿಂಡಿ ಗೊಬ್ಬರ.

ಅಕ್ಟೋಬರ್-ಡಿಸೆಂಬರ್: ಹಿಂಗಾರು ಮಳೆ. ಕುಂಡದ ತೂತು ಕಟ್ಟಿದೆಯೇ ನೋಡಬೇಕು. ಬೇಸಿಗೆ ದಾಟಿದ ಮರ ಈ ತಿಂಗಳಲ್ಲಿ ಬೇರು ಕೊಳೆತು ಸಾಯುವುದುಂಟು.

ಮನೆಯೊಳಗಿನ ಮೇಜಿನ ಮೇಲೆ ಬೋನ್ಸಾಯ್ ಬಾಳುವುದಿಲ್ಲ. ಅದು ಕುಂಡದಲ್ಲಿದ್ದರೂ ಮರವೇ. ಬಿಸಿಲು, ಗಾಳಿ, ಮಂಜು ಬೇಕು. ನೆಂಟರು ಬಂದ ದಿನ ಒಳಗಿಟ್ಟು ಸಂಜೆಗೆ ಹೊರಗಿಡಬಹುದು.

ಎಲ್ಲಿ ನೋಡಬಹುದು?

ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ನಮ್ಮ ಭಾಗದವರಿಗೆ ಒಳ್ಳೆಯ ಪಾಠಶಾಲೆ. ನಮ್ಮ ದೇಶದ ಮರಗಳು ಕುಂಡದಲ್ಲಿ ಹೇಗೆ ಕಾಣುತ್ತವೆ ಎಂದು ಅಲ್ಲಿ ತಿಳಿಯುತ್ತದೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲೂ ಬೋನ್ಸಾಯ್ ವಿಭಾಗವಿದೆ. ಕೊಳ್ಳುವ, ಅಗೆಯುವ ಮೊದಲು ಒಮ್ಮೆ ನೋಡಿ ಬಂದರೆ ಅರ್ಧ ತಪ್ಪು ತಪ್ಪುತ್ತದೆ.

ಹೊಸಬರು ಐವತ್ತು ವರ್ಷದ ಮರದ ಮೇಲೆ ಕೈ ಪಳಗಿಸಿಕೊಳ್ಳುವುದು ಬೇಡ. ನರ್ಸರಿಯ ಒಂದು ಜುನಿಪರ್, ತಾರಸಿಯ ಬಿರುಕಿನ ಒಂದು ಅರಳಿ, ಹಿತ್ತಲಲ್ಲಿ ತಾನಾಗಿ ಹುಟ್ಟಿದ ಒಂದು ಹುಣಸೆ ಮೂರು ವರ್ಷದ ಕಲಿಕೆಗೆ ಸಾಕು. ಆ ಮೂರೂ ಮೂರನೆಯ ಬೇಸಿಗೆ ದಾಟಿ ಚಿಗುರಿದರೆ, ಮಾಲೀಕರ ಒಪ್ಪಿಗೆ ಕೇಳಿ ಬದುವಿನ ಹಳೆಯ ಮರದ ಬುಡಕ್ಕೆ ಹಾರೆ ಹಾಕುವ ಹಕ್ಕು ಬಂದಂತೆ. ಚಿಗುರದಿದ್ದರೆ ಆ ಮರ ಬದುವಿನಲ್ಲೇ ಇರಲಿ. ಅಲ್ಲಿ ಅದಕ್ಕೆ ನೀರು ಹಾಕುವವರು ಬೇಕಿಲ್ಲ.