ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮತ್ತು ನೆಲೆಯ ನಿಬಂಧನೆ: ಹೊರನಾಡ ಕನ್ನಡಿಗರ ದೃಷ್ಟಿಯಿಂದ ಒಂದು ಟಿಪ್ಪಣಿ

ಹೊರನಾಡ ಕನ್ನಡಿಗರ ಶಿಕ್ಷಣವನ್ನು ಕುರಿತು ಇದುವರೆಗೆ ಬಂದಿರುವ ಬರವಣಿಗೆ ಬಹುಮಟ್ಟಿಗೆ ಶಾಲೆಗಳ, ಸಂಘಗಳ ಹಾಗೂ ದಾನಿಗಳ ಚರಿತ್ರೆಯಾಗಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮೆಟ್ರಿಕ್ ತೇರ್ಗಡೆಯಾದ ಮುಂಬಯಿಯ ಹುಡುಗರ ಕಥನಕ್ಕೆ ಅದರಲ್ಲಿ ಉಚಿತವಾದ ಸ್ಥಾನವೇ ದೊರೆತಿದೆ. ಮೆಟ್ರಿಕ್ ಆದ ಮೇಲೆ ಏನು ಎಂಬ ಪ್ರಶ್ನೆ ಬಂದಾಗ ಮಾತ್ರ ಈ ಬರವಣಿಗೆ ಮೌನ ತಾಳುತ್ತದೆ. ಕಾಲೇಜಿನ ಬಾಗಿಲಿಗೆ ಬಂದ ಬಡ ವಿದ್ಯಾರ್ಥಿಗೆ ಸರ್ಕಾರದ ವಿದ್ಯಾರ್ಥಿವೇತನ ದೊರೆಯಿತೆ, ದೊರೆಯದೆ ಹೋದರೆ ಅಡ್ಡ ಬಂದ ನಿಬಂಧನೆ ಯಾವುದು ಎಂಬುದನ್ನು ಕೇಳಿದವರು ವಿರಳ. ಅರ್ಹತೆಯ ನಿಬಂಧನೆಗಳಲ್ಲಿ ಅಂಕ, ಆದಾಯ, ಜಾತಿ, ನೆಲೆ ಎಂದು ನಾಲ್ಕು ಬಗೆಗಳನ್ನು ಗುರುತಿಸಬಹುದು. ಮೊದಲಿನ ಮೂರರ ಮೇಲೆ ಸಾಕಷ್ಟು ಚರ್ಚೆ ನಡೆದಿರುವುದರಿಂದ ನಾವು ಇಲ್ಲಿ ಕೊನೆಯದನ್ನು ಮಾತ್ರ ಎತ್ತಿಕೊಳ್ಳುತ್ತೇವೆ. ವಲಸೆ ಹೋದ ಸಮುದಾಯವೊಂದಕ್ಕೆ ಎಲ್ಲಕ್ಕಿಂತ ಬಿಗಿಯಾಗಿ ತಗುಲುವುದು ಅದೇ ಎಂಬುದು ನಮ್ಮ ಅಭಿಪ್ರಾಯ.

ಮುಂಬಯಿ ವಿಶ್ವವಿದ್ಯಾಲಯದ ಆರಂಭಕಾಲದ ಕೆಲವು ಪುರಸ್ಕಾರಗಳು ಅಭ್ಯರ್ಥಿಯ ಊರನ್ನು ಕೇಳುತ್ತಿರಲಿಲ್ಲ. ಮೆಟ್ರಿಕ್ಯುಲೇಷನ್ನಿನ ಸಂಸ್ಕೃತ ವಿಷಯದಲ್ಲಿ ಅಗ್ರಸ್ಥಾನ ಪಡೆದವರಿಗೆ ಸಲ್ಲುತ್ತಿದ್ದ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನ ಸರ್ಕಾರದ್ದಲ್ಲದಿದ್ದರೂ ಆ ಕಾಲದ ಮನೋಧರ್ಮಕ್ಕೆ ಒಳ್ಳೆಯ ನಿದರ್ಶನ. ಅದೇ ಪರೀಕ್ಷೆಗೆ ಕುಳಿತ ಧಾರವಾಡದ ಹುಡುಗನೂ ಪುಣೆಯ ಹುಡುಗನೂ ಅದಕ್ಕೆ ಸಮಾನ ಅರ್ಹರು. ಸಂಸ್ಕೃತದ ಅಂಕಗಳನ್ನು ಅರ್ಹತೆಯಾಗಿಸಿದರೆ ಯಾವ ಮನೆಗಳ ಮಕ್ಕಳು ಅರ್ಹರಾಗುತ್ತಾರೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಈ ಕೊರತೆಗೆ ಉತ್ತರವಾಗಿ 20ನೆಯ ಶತಮಾನದಲ್ಲಿ ಸಮುದಾಯವನ್ನು ಆಧರಿಸಿದ ನೆರವು ಬಂದಿತು. ಮೈಸೂರಿನಲ್ಲಿ 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿಯೂ, ಮುಂಬಯಿ ಪ್ರಾಂತದಲ್ಲಿ ಡಾ. ಅಂಬೇಡ್ಕರರು ಸದಸ್ಯರಾಗಿದ್ದು 1930ರಲ್ಲಿ ವರದಿ ಸಲ್ಲಿಸಿದ ಸ್ಟಾರ್ಟೆ ಸಮಿತಿಯೂ ಈ ದಾರಿಯ ಮೈಲಿಗಲ್ಲುಗಳು. 1944ರಲ್ಲಿ ಭಾರತ ಸರ್ಕಾರವು ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಆರಂಭಿಸಿ, 1948ರಲ್ಲಿ ಪರಿಶಿಷ್ಟ ಪಂಗಡಗಳಿಗೂ ವಿಸ್ತರಿಸಿತು. ಇಂದಿಗೂ ನಡೆಯುತ್ತಿರುವ ಈ ಯೋಜನೆಯೇ ನಮ್ಮ ವಿಚಾರದ ಕೇಂದ್ರ.

ಆಗ ಕನ್ನಡಿಗರು ಮುಂಬಯಿಗೆ ಮೂರು ಬೇರೆ ಬೇರೆ ಆಡಳಿತಗಳಿಂದ ಬರುತ್ತಿದ್ದರೆಂಬುದನ್ನು ನೆನಪಿಡಬೇಕು. ಮಂಗಳೂರು, ಉಡುಪಿಗಳ ಕಡೆಯವರು ಮದರಾಸು ಪ್ರಾಂತದ ಗಡಿ ದಾಟಿ ಬಂದವರು. ಕಲಬುರ್ಗಿ, ರಾಯಚೂರಿನವರು ನಿಜಾಮರ ಹೈದರಾಬಾದಿನಿಂದ ಬಂದವರು. ಆದರೆ ವಿಜಾಪುರದಿಂದಲೋ ಬೆಳಗಾವಿಯಿಂದಲೋ ಹೊರಟು ಮುಂಬಯಿಯಲ್ಲಿ ಇಳಿದ ಕುಟುಂಬ ಯಾವ ಗಡಿಯನ್ನೂ ದಾಟಿರಲಿಲ್ಲ. ಅದು ತನ್ನದೇ ಪ್ರಾಂತದ ರಾಜಧಾನಿಗೆ ಬಂದಿತ್ತು, ಅಷ್ಟೆ. 1956ರ ನವೆಂಬರ್ 1ರಂದು ಆ ಕುಟುಂಬ ಕುಳಿತಲ್ಲೇ ಹೊರರಾಜ್ಯದ್ದಾಯಿತು. ಏಕೀಕರಣವನ್ನು ಕುರಿತ ನಮ್ಮ ಹಿಗ್ಗಿನಲ್ಲಿ ಈ ಸಣ್ಣ ಲೆಕ್ಕ ಮರೆತುಹೋಗಿರುವುದು ಸಹಜವೇ ಇರಬಹುದು.

ಮರೆಯದೆ ಉಳಿದದ್ದು ಕಡತ. ಸಂವಿಧಾನದ 341 ಮತ್ತು 342ನೆಯ ಅನುಚ್ಛೇದಗಳು ಪರಿಶಿಷ್ಟ ಜಾತಿ ಪಂಗಡಗಳನ್ನು ಆಯಾ ರಾಜ್ಯಕ್ಕೆ ಸಂಬಂಧಿಸಿದಂತೆ ಗುರುತಿಸುತ್ತವೆ. ರಾಷ್ಟ್ರಪತಿಗಳ ಮೊದಲ ಆದೇಶಗಳು 1950ರ ಆಗಸ್ಟ್ 10 ಮತ್ತು ಸೆಪ್ಟೆಂಬರ್ 6ರಂದು ಹೊರಟವು. ಪಟ್ಟಿಗಳು ಸ್ಥಳಕ್ಕೆ ಎಷ್ಟು ಅಂಟಿಕೊಂಡಿದ್ದವೆಂದರೆ, ಪುನರ್ವಿಂಗಡಣೆಯ ಅನಂತರ ಒಂದೇ ಮೈಸೂರು ರಾಜ್ಯದೊಳಗೆ ಹಳೆಯ ಪ್ರದೇಶಗಳಿಗೆ ಬೇರೆ ಬೇರೆ ಪಟ್ಟಿಗಳಿದ್ದವು. 1976ರ ತಿದ್ದುಪಡಿ ಕಾಯ್ದೆ ಈ ಒಳಗಡಿಗಳನ್ನು ಬಹುಮಟ್ಟಿಗೆ ಅಳಿಸಿತು. ‘ಬಹುಮಟ್ಟಿಗೆ’ ಎನ್ನಲು ಕಾರಣವುಂಟು: ಕೊಡಗಿನ ಕುರುಬರು, ಕೊಳ್ಳೇಗಾಲ ತಾಲ್ಲೂಕಿನ ಕಣಿಯನ್ನರು ಆ ಬಳಿಕವೂ ಸ್ಥಳದ ಹೆಸರಿನೊಡನೆಯೇ ಪಟ್ಟಿಯಲ್ಲಿ ಉಳಿದರು. ರಾಜ್ಯಗಳ ನಡುವಿನ ಗಡಿಯಂತೂ ಹಾಗೆಯೇ ನಿಂತಿತು.

ನ್ಯಾಯಾಲಯಗಳು ಈ ಗಡಿಯನ್ನು ಹಂತಹಂತವಾಗಿ ಗಟ್ಟಿಗೊಳಿಸಿದವು. ಇಂದೂರಿನ ವೈದ್ಯಕೀಯ ಕಾಲೇಜು ಹೊರಗಿನವರಿಂದ ಮಾತ್ರ ಹೆಚ್ಚುವರಿ ಶುಲ್ಕ ಪಡೆಯುತ್ತಿದ್ದುದನ್ನು ಪ್ರಶ್ನಿಸಿದ ಡಿ.ಪಿ. ಜೋಶಿ ಪ್ರಕರಣದಲ್ಲಿ (1955) ಸರ್ವೋಚ್ಚ ನ್ಯಾಯಾಲಯವು, ಸಂವಿಧಾನ ನಿಷೇಧಿಸುವುದು ಹುಟ್ಟಿದ ಸ್ಥಳದ ಆಧಾರದ ಭೇದವನ್ನು, ವಾಸಸ್ಥಳ ಬೇರೆಯೇ ವಿಷಯ ಎಂದು ಬಹುಮತದಿಂದ ತೀರ್ಪಿತ್ತಿತು. ಹತ್ತು ವರ್ಷಗಳ ವಾಸ್ತವ್ಯವನ್ನು ಬೇಡುತ್ತಿದ್ದ ಮೈಸೂರಿನ ವೈದ್ಯಕೀಯ ಪ್ರವೇಶ ನಿಯಮವನ್ನು ವಸುಂಧರಾ ಪ್ರಕರಣದಲ್ಲಿ (1971) ಎತ್ತಿಹಿಡಿಯಿತು. ಇವು ಪ್ರವೇಶದ ಮೊಕದ್ದಮೆಗಳಾದರೂ ‘ನಮ್ಮ ರಾಜ್ಯದ ವಿದ್ಯಾರ್ಥಿ’ ಎಂಬ ಕಲ್ಪನೆ ಇವುಗಳಿಂದಲೇ ಬಲಗೊಂಡಿತು. ವಿದ್ಯಾರ್ಥಿವೇತನದ ನಿಯಮವು ಅದೇ ಕಲ್ಪನೆಯನ್ನು ನೇರವಾಗಿ ನುಡಿಯುತ್ತದೆ: ಅರ್ಜಿದಾರನು ವಾಸ್ತವವಾಗಿ ಯಾವ ರಾಜ್ಯಕ್ಕೆ ಸೇರಿದವನೋ, ಎಂದರೆ ಶಾಶ್ವತವಾಗಿ ನೆಲೆಸಿದವನೋ, ಆ ರಾಜ್ಯವೇ ಹಣ ಕೊಡತಕ್ಕದ್ದು. 1985ರ ಫೆಬ್ರವರಿಯ ಕೇಂದ್ರ ಸುತ್ತೋಲೆ ವಲಸೆಗಾರನಿಗೆ ಮೂಲರಾಜ್ಯದ ಸೌಲಭ್ಯಗಳಷ್ಟೇ ಸಲ್ಲುತ್ತವೆಂದು ಸ್ಪಷ್ಟಪಡಿಸಿತು. ಮರ‍್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ (1990) ಸಾಂವಿಧಾನಿಕ ಪೀಠ ಅದನ್ನು ಒಪ್ಪಿತು. ಹಿಂದುಳಿದಿರುವಿಕೆಯು ಒಂದು ಪ್ರದೇಶದ ಸಾಮಾಜಿಕ ಸ್ಥಿತಿಯೊಂದಿಗೆ ಬೆಸೆದುಕೊಂಡದ್ದು, ಬಂದವರಿಗೆ ಕೊಟ್ಟರೆ ಅಲ್ಲಿಯವರ ಪಾಲು ಕುಗ್ಗುತ್ತದೆ ಎಂಬ ತರ್ಕವನ್ನು ತಳ್ಳಿಹಾಕುವಂತಿಲ್ಲ. ಆದರೆ 1994ರ ತೀರ್ಪು ಇನ್ನೂ ಮುಂದೆ ಹೋಗಿ, ಒಂದೇ ಹೆಸರಿನ ಜಾತಿ ಎರಡೂ ರಾಜ್ಯಗಳ ಪಟ್ಟಿಯಲ್ಲಿದ್ದರೂ ವಲಸೆಗಾರನಿಗೆ ಅದು ವರ್ಗವಾಗುವುದಿಲ್ಲವೆಂದಿತು. ಹೊಲೆಯ ಎಂಬ ಹೆಸರು ಕರ್ನಾಟಕದಲ್ಲಷ್ಟೇ ಅಲ್ಲ, ಮಹಾರಾಷ್ಟ್ರದ ಪಟ್ಟಿಯಲ್ಲಿಯೂ ಇದೆ. ಅವಮಾನ ಗಡಿ ದಾಟಿ ಜೊತೆಗೆ ಬರುತ್ತದೆ, ಅದಕ್ಕೆ ಪರಿಹಾರವಾಗಿ ಬಂದ ಸೌಲಭ್ಯ ಬರುವುದಿಲ್ಲ.

ಮಹಾರಾಷ್ಟ್ರದಲ್ಲಿ 2001ರಲ್ಲಿ ಜಾರಿಗೆ ಬಂದ ಜಾತಿ ಪ್ರಮಾಣಪತ್ರ ಕಾಯ್ದೆಯ ಅನ್ವಯ ಪ್ರತಿಯೊಂದು ವರ್ಗಕ್ಕೂ ಒಂದೊಂದು ದಿನಾಂಕ ನಿರ್ಣಾಯಕವಾಗಿದೆ: ಪರಿಶಿಷ್ಟ ಜಾತಿ ಪಂಗಡಗಳಿಗೆ ಮೇಲೆ ಹೇಳಿದ 1950ರ ದಿನಗಳು, ವಿಮುಕ್ತ ಜಾತಿ ಹಾಗೂ ಅಲೆಮಾರಿ ಪಂಗಡಗಳಿಗೆ 1961ರ ನವೆಂಬರ್ 21, ಇತರ ಹಿಂದುಳಿದ ವರ್ಗಗಳಿಗೆ 1967ರ ಅಕ್ಟೋಬರ್ 13. ಆ ದಿನ ಕುಟುಂಬ ಎಲ್ಲಿ ನೆಲೆಸಿತ್ತೆಂಬುದಕ್ಕೆ ಕಾಗದ ತೋರಿಸಬೇಕು. 1952ರಲ್ಲಿ ವಿಜಾಪುರದಿಂದ ಬಂದ ಕೂಲಿಯ ಮೊಮ್ಮಗಳು ಹನ್ನೆರಡನೆಯ ತರಗತಿ ಮುಗಿಸಿದಾಗ ಮಹಾರಾಷ್ಟ್ರ ಅವಳ ಅಜ್ಜನ ಊರನ್ನು ಕೇಳುತ್ತದೆ. ಕರ್ನಾಟಕಕ್ಕೆ ಅರ್ಜಿ ಹಾಕಹೊರಟರೆ ಅಲ್ಲಿನ ತಹಸೀಲ್ದಾರರು ಕೊಡುವ ಪ್ರಮಾಣಪತ್ರದ ಸಂಖ್ಯೆ ಬೇಕಾಗುತ್ತದೆ. ಅವಳು ಕಂಡೇ ಇಲ್ಲದ ಊರಿನ ಕಚೇರಿಯಲ್ಲಿ ಅವಳ ಅರ್ಹತೆ ಕಾದು ಕುಳಿತಿರುತ್ತದೆ.

ಇದಕ್ಕೆ ಹೊರತಾದ ಮಾದರಿಯೂ ಉಂಟು. ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ ಕಾಲೇಜು ವಿದ್ಯಾರ್ಥಿವೇತನ ಯೋಜನೆ ವರ್ಷಕ್ಕೆ 82,000 ಹೊಸ ವೇತನಗಳನ್ನು ಪರೀಕ್ಷಾ ಮಂಡಲಿಗಳಿಗೆ ಹಂಚುತ್ತದೆ. ಹನ್ನೆರಡನೆಯ ತರಗತಿಯಲ್ಲಿ ತನ್ನ ಮಂಡಲಿಯ 80ನೆಯ ಶತಮಾನಕಕ್ಕಿಂತ ಮೇಲಿರುವುದು ಹಾಗೂ ಕುಟುಂಬದ ಆದಾಯ ಮಿತಿಯೊಳಗಿರುವುದು ಅದರ ಮುಖ್ಯ ಅರ್ಹತೆ. ಅರ್ಧ ಭಾಗ ಹುಡುಗಿಯರಿಗೆ ಮೀಸಲು. ಅಜ್ಜನ ಊರಿಗೆ ಬದಲಾಗಿ ಇಲ್ಲಿ ವಿದ್ಯಾರ್ಥಿ ಓದಿದ ಸ್ಥಳ ಲೆಕ್ಕಕ್ಕೆ ಬರುತ್ತದೆ. ವಲಸೆಯ ಮಕ್ಕಳ ಮಟ್ಟಿಗೆ ಇದು ಹೆಚ್ಚು ನ್ಯಾಯವಾದ ಕ್ರಮವೆಂದು ನಾವು ಭಾವಿಸುತ್ತೇವೆ, ಅಂಕಗಳ ಹಳೆಯ ಕೊರತೆ ಅದರಲ್ಲಿ ಮರಳಿ ಬಂದಿದ್ದರೂ.

ಭಾಷೆಯ ಮಾತು ಈ ಯಾವ ನಿಬಂಧನೆಯಲ್ಲಿಯೂ ಇಲ್ಲ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳು ಮಾತ್ರ ಹೊರನಾಡ, ಗಡಿನಾಡ ಕನ್ನಡಿಗರನ್ನು ಪ್ರತ್ಯೇಕವಾಗಿ ಗುರುತಿಸಿ ಅವರಿಗೆ ಕನ್ನಡ ಪರೀಕ್ಷೆಯನ್ನಿಟ್ಟಿವೆ. ಅಕ್ಕಲಕೋಟೆ, ಜತ್ತ, ಕಾಸರಗೋಡು ಮೊದಲಾದ ತಾಲ್ಲೂಕುಗಳ ಹೆಸರು ಅಲ್ಲಿ ಕಾಣುತ್ತದೆ. ಆದರೆ ಅದು ಸೀಟಿನ ಮಾತು.

ಸಂಶೋಧಕರ ಗಮನಕ್ಕೆ ಒಂದು ಆಕರವನ್ನು ತರಬಯಸುತ್ತೇವೆ. ಮುಂಬಯಿ, ಸೊಲ್ಲಾಪುರಗಳ ಹಳೆಯ ಕನ್ನಡ ಶಾಲೆಗಳ ಜನರಲ್ ರಿಜಿಸ್ಟರುಗಳಲ್ಲಿ ವಿದ್ಯಾರ್ಥಿಯ ಜಾತಿ, ಹುಟ್ಟಿದ ಊರು, ಶಾಲೆಗೆ ಸೇರಿದ ದಿನಾಂಕ ದಾಖಲಾಗಿರುತ್ತವೆ. ನಮಗೆ ಅವು ವಲಸೆಯ ಚರಿತ್ರೆ. ಜಾತಿ ಪರಿಶೀಲನಾ ಸಮಿತಿಯ ಮುಂದೆ ನಿಂತ ಕುಟುಂಬಕ್ಕೆ 1950ಕ್ಕೆ ಮೊದಲೇ ತಾನು ಇಲ್ಲಿದ್ದೆನೆಂಬುದಕ್ಕೆ ಅನೇಕ ವೇಳೆ ಅವೇ ಏಕೈಕ ಸಾಕ್ಷ್ಯ. ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಮುಚ್ಚುತ್ತಿರುವ ಈ ದಿನಗಳಲ್ಲಿ, ಆ ಪುಸ್ತಕಗಳು ಎಲ್ಲಿಗೆ ಹೋಗುತ್ತಿವೆ ಎಂಬುದನ್ನು ನಾವು ಮೊದಲು ವಿಚಾರಿಸಬೇಕಾಗಿದೆ.